ಉಪ್ಪು ತಿಂದ ಬೀಜ

ಭೋಜರಾಜ ಶೆಟ್ಟರು ಘಾಟ್‌ಕೋಪರಿನ ಹೋಟೆಲು ಬಿಟ್ಟುಕೊಟ್ಟು ಕುಂದಾಪುರಕ್ಕೆ ಬಂದು ಕೂತು ಮೂರು ವರ್ಷವಾಗಿತ್ತು. ಈ ಮೂರು ವರ್ಷದಲ್ಲಿ ಅವರು ಏಳು ಸಂಘಗಳಿಗೆ ಸೇರಿದರು, ಎರಡಕ್ಕೆ ಅಧ್ಯಕ್ಷರಾದರು, ಸಿಕ್ಕ ಸಿಕ್ಕ ವೇದಿಕೆಯಲ್ಲಿ ಶಾಲು ಹೊದೆಸಿಕೊಂಡರು. ಮನೆಯ ಹಿಂದಿನ ಬಸಳೆ ಚಪ್ಪರಕ್ಕೆ ಮಾತ್ರ ಒಂದು ಚೊಂಬು ನೀರು ಹಾಕಲಿಲ್ಲ. ಅವರ ಹೆಂಡತಿ ಸರಸ ಆ ಶಾಲುಗಳಲ್ಲಿ ಎರಡನ್ನು ಹಿಂಬಾಗಿಲಿಗೆ ಕಾಲೊರೆಸಲು ಹಾಕಿದ್ದಳು.

“ಹ್ವಾಯ್, ಅದ್ ಸನ್ಮಾನದ ಶಾಲ್ ಮಾರಾಯ್ತಿ! ಕಾಲ್ ಒರ್ಸುಕ್ ಹಾಕುದಾ?”

“ಕಾಲ್ ಒರ್ಸುಕೂ ಆತಿಲ್ಲ ಅದ್. ಒಂಚೂರ್ ನೀರ್ ಹೀರೂದಿಲ್ಲ. ಎಂತದ್ ಕೊಟ್ರೋ ನಿಮ್ಗೆ.”

ಗಂಡನ ಮೇಲಿನ ಈ ತಾತ್ಸಾರ ನಿನ್ನೆ ಮೊನ್ನೆಯದಲ್ಲ. ಮದುವೆಯಾಗಿ ಮೂವತ್ತೆಂಟು ವರ್ಷ. ಅದರಲ್ಲಿ ಮೂವತ್ತೈದು ವರ್ಷ ಅವರು ಮುಂಬೈಯಲ್ಲಿ, ಇವಳು ಇಲ್ಲಿ. ವರ್ಷಕ್ಕೊಮ್ಮೆ ಮೇ ತಿಂಗಳಲ್ಲಿ ಒಂದು ಡಬ್ಬ ಹಲ್ವ ಹಿಡಿದುಕೊಂಡು ಬಂದು, ಹದಿನೈದು ದಿನ ಚಾವಡಿಯಲ್ಲಿ ಕೂತು, ಹಾಗೆ ಮಾಡು ಹೀಗೆ ಮಾಡು ಎಂದು ಅಪ್ಪಣೆ ಕೊಟ್ಟು ಹೋಗುತ್ತಿದ್ದರು. ನಟ್ಟಿ, ಕೊಯ್ಲು, ಅತ್ತೆಯ ಪಾರ್ಶ್ವವಾಯು, ಮಗ ಜಿತೇಂದ್ರನ ಶಾಲೆ, ಎಲ್ಲ ಇವಳ ತಲೆಯ ಮೇಲೆ. ಆದರೆ ಊರವರ ಬಾಯಲ್ಲಿ ಇವತ್ತಿಗೂ, ‘ಭೋಜಣ್ಣ ಮುಂಬೈಲಿ ಬೆವರು ಸುರಿಸಿ ಮನೆ ಮೇಲೆ ತಂದ್ರು’ ಎಂಬುದೇ ಮಾತು. ಅದು ಕಿವಿಗೆ ಬಿದ್ದಾಗಲೆಲ್ಲ ಸರಸ ಮೂಗು ಮುರಿದು ಒಳಗೆ ಹೋಗುತ್ತಿದ್ದಳು. ಯಾರ ಬೆವರು, ಯಾರಿಗೆ ಹೆಸರು!

ಸೊಸೆ ಅಮಿತಾಳ ಬಗ್ಗೆಯೂ ಅವಳಿಗೆ ದೊಡ್ಡ ಗೌರವವೇನಿರಲಿಲ್ಲ. ಮುಲುಂಡಿನ ನಾಲ್ಕನೇ ಮಾಳಿಗೆಯಲ್ಲಿ ಹುಟ್ಟಿ ಬೆಳೆದ ಹುಡುಗಿ. ಬಿಎಸ್ಸಿ ಓದಿದ್ದಾಳೆ, ಆದರೆ ಕೆಸುವಿನಲ್ಲಿ ತುರಿಸುವುದು ಯಾವುದು, ಪತ್ರೊಡೆಗೆ ಆಗುವುದು ಯಾವುದು ಎಂದು ಕೇಳಿದರೆ ಮೊಬೈಲು ನೋಡುತ್ತಾಳೆ. ಜಿತೇಂದ್ರ ಕೊಲ್ಲೂರಿನ ಒಂದು ಲಾಡ್ಜಿನಲ್ಲಿ ಮ್ಯಾನೇಜರು. ಮಂಗಳವಾರ ಒಂದು ದಿನ ಮನೆಗೆ ಬರುತ್ತಾನೆ. ಉಳಿದ ಆರು ದಿನ ಅಮಿತಾ ಅತ್ತೆ ಮಾವಂದಿರ ನಡುವೆ ದೋಸೆ ಹುಯ್ದುಕೊಂಡು ಇದ್ದಳು. ಮದುವೆಗೆ ಮುಂಚೆ ಮುಂಬೈಯ ಒಂದು ಲ್ಯಾಬಿನಲ್ಲಿ ಕೆಲಸದಲ್ಲಿದ್ದವಳು, ಇಲ್ಲಿ ಆರು ವರ್ಷದಲ್ಲಿ ಎಂಟು ಕಡೆ ಅರ್ಜಿ ಹಾಕಿದ್ದಳು. ಒಂದೂ ಹತ್ತಲಿಲ್ಲ.

ಆ ವರ್ಷ ಡಿಸೆಂಬರಿನಲ್ಲಿ ಬ್ರಹ್ಮಾವರದ ಒಂದು ಟ್ರಸ್ಟಿನವರು ಎಂಟು ದಿನದ ತರಬೇತಿ ಇಟ್ಟರು. ಬೀಜದುಂಡೆ ಮಾಡುವುದು. ಕೆಮ್ಮಣ್ಣು, ಸೆಗಣಿ ಗೊಬ್ಬರ, ಒಳಗೆ ಊರಿನದೇ ಮರದ ಬೀಜ. ಉಂಡೆ ಕಟ್ಟಿ ನೆರಳಲ್ಲಿ ಒಣಗಿಸಿ, ಮಳೆ ಹಿಡಿಯುವ ಹೊತ್ತಿಗೆ ಪೇಟೆಯ ಪಾಳು ಜಾಗಕ್ಕೆ ಎಸೆಯುವುದು. ಕುಂದಾಪುರ, ಬೈಂದೂರು, ಬ್ರಹ್ಮಾವರ ಮೂರೂ ಕಡೆ ಒಂದೊಂದು ಜಾಗ ಗೊತ್ತು ಮಾಡಿದ್ದರು. ಆಗಸ್ಟ್ ಕೊನೆಗೆ ಬಂದು ಎಣಿಸುತ್ತಾರೆ. ಎಸೆದ ನೂರು ಉಂಡೆಯಲ್ಲಿ ಮೂವತ್ತಾದರೂ ಮೊಳೆತಿದ್ದರೆ ಆ ಊರಿಗೆ ಒಂದು ನರ್ಸರಿ, ಮುಂದೆ ನಿಂತು ಮಾಡಿದವರಿಗೆ ಅದನ್ನು ನೋಡಿಕೊಳ್ಳುವ ಕಾಯಂ ಕೆಲಸ. ಕುಂದಾಪುರದ್ದು ತರಬೇತಿಗೆ ಹೋಗಿದ್ದ ಅಮಿತಾಳ ಪಾಲಿಗೆ ಬಂತು. ಕೋಡಿ ರಸ್ತೆಯ ಬದಿಯಲ್ಲಿ ಬಾಗಿಲು ಹಾಕಿದ ಹೆಂಚಿನ ಕಾರ್ಖಾನೆಯ ಹಿತ್ತಿಲು. ಒಡೆದ ಹೆಂಚು, ಬಾಟಲಿ, ಕೋಳಿ ಪುಕ್ಕ, ಮಕ್ಕಳ ಡೈಪರು, ಯಾರದೋ ಮುರಿದ ಸೋಫಾ.

“ಮೂವತ್ತ್ ಮೊಳ್ತ್ರೆ ಬಸ್ ಅತ್ತೆ, ಕೆಲ್ಸ ನಂಗೇ” ಎಂದು ಅಮಿತಾ ಅಂಗಳದಲ್ಲಿ ಕೂತು ಮಣ್ಣು ಜರಡಿ ಹಿಡಿಯುತ್ತಾ ಹೇಳಿದಳು. ಜರಡಿ ಸರಸಳದ್ದು, ಅಕ್ಕಿಹಿಟ್ಟಿನದ್ದು.

“ಸಂಬ್ಳ ಕೊಟ್ಟ್ ಮರ ಹುಟ್ಸೂ ಕಾಲ ಬಂತಾ? ನಮ್ಮ್ ಕಾಲದಗೆ ಕಾಗಿ ಹೇತ್ರೆ ಮರ ಹುಟ್ತಿದ್ದಿತ್ತ್. ಕಾಗಿಗೆ ಯಾರ್ ಸಂಬ್ಳ ಕೊಟ್ಟಿದ್ರ್?”

“ಕಾಗಿ ಬಿಎಸ್ಸಿ ಮಾಡಿಲ್ಲ ಅಲ್ದಾ ಅತ್ತೆ?”

ಸರಸಳಿಗೆ ನಗು ಬಂತು, ಬಾಯಿ ಬಿಗಿ ಹಿಡಿದಳು. ಹುಡುಗಿಗೆ ನಾಲಿಗೆ ಇದೆ ಎಂದು ಆರು ವರ್ಷದಲ್ಲಿ ಅವಳಿಗೆ ಗೊತ್ತಾದದ್ದು ಅವತ್ತೇ. ಜರಡಿಗೆ ಮಾತ್ರ ಬೈದಳು.

ನಾಲ್ಕು ತಿಂಗಳು ಅಮಿತಾ ಬೀಜ ಹೆಕ್ಕಿದಳು. ಗಂಡನನ್ನು ನೋಡಲು ಕೊಲ್ಲೂರಿಗೆ ಹೋದಾಗ ಕಾಡಿನ ಅಂಚಿನಲ್ಲಿ ನೆಲ್ಲಿ, ಅಂಟುವಾಳ. ಮರವಂತೆಯಲ್ಲಿ ಬಸ್ಸಿಳಿದು ಹೊನ್ನೆ. ದೇವಸ್ಥಾನದ ಹಿಂದೆ ರೆಂಜೆ. ಹೊಳೆ ಬದಿಯಲ್ಲಿ ಹೊಂಗೆ. ಒಂದೊಂದನ್ನೂ ಪೇಪರಿನಲ್ಲಿ ಕಟ್ಟಿ ಹೆಸರು ಬರೆದು ಕಪಾಟಿನಲ್ಲಿ ಇಟ್ಟಳು. ಹತ್ತು ಬೀಜ ನೆನೆಸಿ ಮೊಳಕೆ ಬಂದರೆ ಮಾತ್ರ ಆ ಪೊಟ್ಟಣ ಪಾಸು. ಮಂಗಳವಾರ ಬಂದ ಜಿತೇಂದ್ರನಿಗೆ ಬಟ್ಟೆ ಇಡಲು ಜಾಗವಿಲ್ಲ.

“ಅಮ್ಮಾ, ನನ್ನ್ ಅಂಗಿ ಎಲ್ಲಿತ್ತ್?”

“ನಿನ್ನ್ ಹೆಂಡ್ತಿ ಹತ್ರ ಕೇಣ್. ನಿನ್ನ್ ಅಂಗಿಗೂ ಮೊಳ್ಕಿ ಬತ್ತಾ ಅಂದೇಳಿ ನೆನ್ಸಿ ಹಾಕಿತ್ತೋ ಏನೋ.”

ಹೀಗೆ ಹಗುರವಾಗಿ ನಡೆಯುತ್ತಿದ್ದ ವಿಷಯದ ಮೇಲೆ ಮೇ ತಿಂಗಳಲ್ಲಿ ಶೆಟ್ಟರ ಕಣ್ಣು ಬಿತ್ತು. ಮಧ್ಯಾಹ್ನ ಊಟಕ್ಕೆ ಕೂತಿದ್ದರು. ಬಂಗುಡೆ ಸಾರು, ಕುಚ್ಚಲಕ್ಕಿ ಅನ್ನ.

“ಎಷ್ಟ್ ಉಂಡಿ ಮಾಡ್ತೆ ಅಮಿತಾ?”

“ಎರಡ್ ಸಾವ್ರ ಮಾವ. ಅಷ್ಟಕ್ಕೇ ಬೀಜ ಇತ್ತ್.”

“ಎರಡ್ ಸಾವ್ರಕ್ಕೆ ಪೇಪರ್‌ನವ್ರ್ ಬತ್ರಾ? ಬೈಂದೂರಿನವ್ರ್ ಮೂರ್ ಸಾವ್ರ ಮಾಡ್ತ್ರ್ ಅಂಬ್ರ್. ನಾವ್ ಹತ್ತ್ ಸಾವ್ರ ಮಾಡ್ಕ್. ಶೆಟ್ರ ಮನಿ ಅಂದ್ರೆ ಎಂತ ಅಂದ್ಕಂಡಿದ್ರ್?”

“ಮಾವ, ಲೆಕ್ಕ ಎಷ್ಟ್ ಎಸ್ದ್ರ್ ಅಂದೇಳಿ ಅಲ್ಲ, ನೂರಕ್ಕೆ ಎಷ್ಟ್—”

“ನೀ ಸುಮ್ನಿರ್. ನಾನ್ ಮುನ್ನೂರ್ ಜನಕ್ಕೆ ಊಟ ಹಾಕ್ದವ. ಹತ್ತ್ ಸಾವ್ರ ಉಂಡಿ ಒಂದ್ ಲೆಕ್ಕವಾ?”

ಎರಡನೇ ದಿನಕ್ಕೆ ಕರಪತ್ರ ಅಚ್ಚಾಯಿತು. ‘ಮನೆಗೊಂದು ಮುಷ್ಟಿ ಬೀಜ’. ಮೇಲೆ ಶೆಟ್ಟರ ಫೋಟೋ, ಕೆಳಗೆ ಶೆಟ್ಟರ ಹೆಸರು, ನಡುವೆ ಸಣ್ಣ ಅಕ್ಷರದಲ್ಲಿ ಬೀಜ. ಅಮಿತಾಳ ಹೆಸರು ಇರಲಿಲ್ಲ. ಸರಸ ಅದನ್ನು ತಿರುವಿ ನೋಡಿ, ಮೀನು ಕೊಯ್ಯುವಾಗ ಕೆಳಗೆ ಹಾಸಲು ಹತ್ತು ಕರಪತ್ರ ತೆಗೆದಿಟ್ಟುಕೊಂಡಳು.

ಹದಿನೈದು ದಿನದಲ್ಲಿ ನಾಲ್ಕು ಗೋಣಿ ಬೀಜ ಬಂತು. ಆಟೋದಿಂದ ಇಳಿಸುವಾಗ ಶೆಟ್ಟರ ಎದೆ ಎರಡು ಇಂಚು ಉಬ್ಬಿತ್ತು. “ಕಾಣ್, ಜನ ಹ್ಯಾಂಗ್ ಕೊಟ್ಟಿದ್ರ್ ಕಾಣ್! ಎಲ್ಲ ನಮ್ಮೂರ್ ಮುರ್ಗಲ್ ಬೀಜ. ಅಪ್ಪಟ ಸ್ವದೇಶಿ!” ಎಂದು ಹೇಳಿ, ಇನ್ನೆಲ್ಲೋ ಸಭೆಗೆ ಹೋದರು.

ಸರಸ ಗೋಣಿಯ ಬಾಯಿ ಬಿಚ್ಚಿ ಒಂದು ಮುಷ್ಟಿ ತೆಗೆದಳು. ಒಂದು ಬೀಜ ಬಾಯಿಗೆ ಹಾಕಿದಳು. ಉಪ್ಪು!

ಇದು ಗೊತ್ತಾಗಲು ಬಿಎಸ್ಸಿ ಬೇಡ, ಒಂದು ಬೇಸಿಗೆ ಈ ಊರಿನ ಅಂಗಳದಲ್ಲಿ ಬೆನ್ನು ಬಗ್ಗಿಸಿದ್ದರೆ ಸಾಕು. ಮುರುಗಲು ಎಂದರೆ ಪುನರ್ಪುಳಿ, ಕೋಕಂ. ಹಣ್ಣು ಒಡೆದರೆ ಸಿಪ್ಪೆ ಬೇರೆ, ತಿರುಳು ಬೀಜ ಬೇರೆ. ತಿರುಳು ಬೀಜಕ್ಕೆ ಹರಳುಪ್ಪು ಸುರಿದು ಭರಣಿಯಲ್ಲಿಟ್ಟರೆ ಕೆಂಪು ರಸ ಬಿಡುತ್ತದೆ. ಸಿಪ್ಪೆಯನ್ನು ಆ ರಸಕ್ಕೆ ದಿನಾ ಅದ್ದಿ ಬಿಸಿಲಿಗೆ ಹಾಕುವುದು, ಎಂಟು ಹತ್ತು ದಿನ. ಸಿಪ್ಪೆ ವರ್ಷವಿಡೀ ಸಾರಿಗಾಯಿತು. ಉಪ್ಪಿನಲ್ಲಿ ನೆನೆದು ಸತ್ತ ಬೀಜವನ್ನು ಒಣಗಿಸಿ ಡಬ್ಬಕ್ಕೆ ತುಂಬಿಡುತ್ತಾರೆ. ಪುರುಸೊತ್ತಾದಾಗ ಜಜ್ಜಿ ಕುದಿಸಿ, ಮೇಲೆ ತೇಲಿದ ತುಪ್ಪವನ್ನು ಒಡೆದ ಹಿಮ್ಮಡಿಗೆ ಹಚ್ಚಲು. ಈಗ ಯಾರಿಗೆ ಪುರುಸೊತ್ತು? ಅಂಗಡಿಯಲ್ಲಿ ಹಿಮ್ಮಡಿಗೆ ಟ್ಯೂಬು ಸಿಗುತ್ತದೆ. ಭೋಜಣ್ಣ ಬೀಜ ಕೇಳಿದ್ದೇ ತಡ, ಹೆಂಗಸರು ಅಟ್ಟದ ಡಬ್ಬ ಬಗ್ಗಿಸಿದರು. ದಾನಕ್ಕೆ ದಾನವೂ ಆಯಿತು, ಡಬ್ಬ ಖಾಲಿಯೂ ಆಯಿತು. ಹದಿನೈದನೇ ವರ್ಷಕ್ಕೆ ಮುಂಬೈಯ ಹೋಟೆಲಿಗೆ ತಟ್ಟೆ ತೊಳೆಯಲು ಹೋದ ಭೋಜರಾಜರಿಗೆ ಇದು ಗೊತ್ತಿಲ್ಲ. ಪ್ಯಾಕೆಟ್ಟಿನ ಸಿಪ್ಪೆ ತಿಂದು ಬೆಳೆದ ಅಮಿತಾಳಿಗಂತೂ ಮೊದಲೇ ಗೊತ್ತಿಲ್ಲ.

ಅಷ್ಟರಲ್ಲಿ ಕೋಡಿಯ ಪದ್ದು ಬುಟ್ಟಿ ಹೊತ್ತುಕೊಂಡು ಬಂದಳು. ಮೂವತ್ತು ವರ್ಷದಿಂದ ಈ ಮನೆಗೆ ಮೀನು ಕೊಡುವವಳು. ಬುಟ್ಟಿ ಇಳಿಸಿ, ಗೋಣಿಯಿಂದ ಒಂದು ಬೀಜ ಹೆಕ್ಕಿ ಅವಳೂ ಕಚ್ಚಿ ನೋಡಿ, ತೂ ಎಂದು ಉಗಿದಳು.

“ಇದನ್ ನೆಡೂದಾ ಸರಸಕ್ಕ? ಉಪ್ಪಿಗ್ ಹಾಕ್ದ್ ಬಂಗ್ಡಿ ಎದ್ದ್ ಈಜತ್ತಾ?”

ಸರಸ ನಕ್ಕಳು. ಹೊಟ್ಟೆ ಹಿಡಿದುಕೊಂಡು ನಕ್ಕಳು. “ಸುಮ್ನಿರ್ ಪದ್ದು. ಯಾರ್ ಹತ್ರವೂ ಹೇಳ್ಬ್ಯಾಡ. ಹತ್ತ್ ಸಾವ್ರ ಎಸಿಲಿ. ಒಂದೂ ಹುಟ್ಟದಿದ್ರೆ ಇವ್ರ್ ಮಕ ಹ್ಯಾಂಗ್ ಆತ್ತ್ ಅಂದೇಳಿ ಕಾಂಬ.”

“ಅಮಿತಕ್ಕಂದ್ ಕೆಲ್ಸ ಅಂದ್ರಲೆ?”

“ಅದ್ ತನ್ನ್ ಬೀಜ ಬೇರೆ ಇಟ್ಕಂಡಿತ್ತ್. ಅದಕ್ಕೆಂತ ಆತ್ತ್?”

ಪದ್ದು ಎರಡು ಪಾಲು ಮೀನು ಕೊಟ್ಟು ಹೋದಳು.

ಮರುದಿನದಿಂದ ಅಂಗಳದಲ್ಲಿ ಉಂಡೆಯ ಕಾರ್ಖಾನೆಯೇ ಶುರುವಾಯಿತು. ಮಣ್ಣು ಕಲೆಸಲು ಬಚ್ಚ ಎಂಬ ಕೂಲಿಯಾಳು ಬಂದ, ಸಂಘದ ನಾಲ್ಕು ಹೆಂಗಸರು ಬಂದರು. ಭೋಜಣ್ಣ ಕೊಟ್ಟ ಬೀಜವನ್ನು ಕಚ್ಚಿ ನೋಡುವ ಉಸಾಬರಿ ಯಾರಿಗೂ ಬೇಕಿರಲಿಲ್ಲ. ಅವರಿಗೆ ಹತ್ತು ಗಂಟೆಗೆ ಅವಲಕ್ಕಿ, ಮಧ್ಯಾಹ್ನ ಊಟ, ನಾಲ್ಕಕ್ಕೆ ಚಾ. ಬೇಯಿಸುವವಳು ಸರಸ, ಪಾತ್ರೆ ತೊಳೆಯುವವಳು ಸರಸ. ಶೆಟ್ಟರು ಕುರ್ಚಿ ಹಾಕಿ ಕೂತು, ಉಂಡೆ ಲಾಡಿನಷ್ಟು ಗುಂಡಗಿರಬೇಕು, ಫೋಟೋದಲ್ಲಿ ಚಂದ ಕಾಣಬೇಕು ಎಂದು ಹೇಳಿಕೊಡುತ್ತಿದ್ದರು. ಮೂರನೇ ದಿನ ಅಮಿತಾ ಅಡುಗೆಮನೆಗೆ ಬಂದಳು. ಅಂಗೈಯಲ್ಲಿ ನಾಲ್ಕು ಮುರುಗಲು ಬೀಜ.

“ಅತ್ತೆ, ಈ ಬೀಜ ಹ್ಯಾಂಗೆ? ನಂಗ್ ಸ್ವಲ್ಪ ಡೌಟ್ ಇತ್ತ್. ನೆನ್ಸಿ ಕಾಂಬ ಅಂದ್ರೆ ಇದಕ್ಕೆ ಮೊಳ್ಕಿ ಬಪ್ಪುಕೆ ತಿಂಗ್ಳ್ ಬೇಕಂಬ್ರ್. ಟೈಮಿಲ್ಲ. ನಿಮ್ಗ್ ಗೊತ್ತಾತ್ತಾ ಕಂಡ್ರೆ?”

ಸರಸ ತೆಂಗಿನಕಾಯಿ ತುರಿಯುತ್ತಿದ್ದಳು. ತಲೆ ಎತ್ತಿ ಬೀಜ ನೋಡಿದಳು, ಅಮಿತಾಳ ಮುಖ ನೋಡಿದಳು. ಹೊರಗಿನಿಂದ ಶೆಟ್ಟರ ದನಿ ಕೇಳುತ್ತಿತ್ತು: “ನಮ್ಮನಿ ಹೆಂಗಸ್ರಿಗೆ ಅಡಿಗಿ ಬಿಟ್ರೆ ಬೇರೆ ಎಂತ ಗೊತ್ತಿಲ್ಲ. ಎಲ್ಲ ನಾನೇ ನಿತ್ಕಂಡ್ ಮಾಡ್ಸ್ಕ್.”

“ನಂಗೆಂತ ಗೊತ್ತಾತ್ತ್?” ಎಂದಳು ಸರಸ. “ಅಡಿಗಿ ಮಾಡೋಳ್ ನಾನ್. ಓದ್ದವ್ರ್ ನೀವ್. ನಿಮ್ಮ್ ಮಾವನ್ ಹತ್ರ ಕೇಣ್.”

ಅಮಿತಾ ಹೋಗಿ ಮಾವನ ಹತ್ತಿರ ಕೇಳಿದಳು. “ಈ ವರ್ಷದ್ದೇ ಬೀಜ, ಮನಿಮನಿಯಿಂದ ಬಂದದ್, ಫಸ್ಟ್ ಕ್ಲಾಸ್!” ಎಂದು ಮಾವ ಸರ್ಟಿಫಿಕೇಟು ಕೊಟ್ಟರು. ಆದರೂ ಅವಳು ತನ್ನ ಎರಡು ಸಾವಿರ ಉಂಡೆಯನ್ನು ಬೇರೆ ಟ್ರೇಯಲ್ಲಿ, ಬೇರೆ ಮೂಲೆಯಲ್ಲಿ ಒಣಗಿಸಿದಳು.

ಜೂನ್ ಮೊದಲ ವಾರ ಕಾರ್ಯಕ್ರಮ. ಹೆಂಚಿನ ಕಾರ್ಖಾನೆಯ ಹಿತ್ತಿಲಿಗೆ ಶಾಮಿಯಾನ, ಮೈಕು, ಬಾಡಿಗೆ ಕುರ್ಚಿ. ಶೆಟ್ಟರಿಗೆ ವೇದಿಕೆಯ ಎದುರು ಉಂಡೆಯ ಗುಡ್ಡೆ ಬೇಕಿತ್ತು, ನಡುವೆ ದೀಪ. ಎಂಟು ಸಾವಿರ ಸುರಿದರೂ ಗುಡ್ಡೆ ಅವರ ಮನಸ್ಸಿನಷ್ಟು ಎತ್ತರವಾಗಲಿಲ್ಲ.

“ಬಚ್ಚ, ಆ ಟ್ರೇಯದ್ದೂ ಸುರಿ!”

“ಮಾವ, ಅದ್ ಬ್ಯಾಡ! ಅದ್ ಬೇರೆ, ನಾನ್ ಬೇರೆ ಬದಿಗೆ ಎಸಿತೆ—”

“ಎಲ್ಲ ಒಂದೇ ಮಣ್ಣ್ ಮಾರಾಯ್ತಿ. ಮನಿಯಗೆ ನಂದ್ ನಿಂದ್ ಅಂದೇಳಿ ಭೇದ ಮಾಡುಕಾಗ.”

ಬಚ್ಚ ಸುರಿದ. ಹತ್ತು ಸಾವಿರ ಉಂಡೆ ಒಂದೇ ಗುಡ್ಡೆ. ಅಮಿತಾ ಎರಡು ಕೈ ಚೆಲ್ಲಿ ನಿಂತಳು. ಹಿಂದಿನ ಸಾಲಿನಲ್ಲಿ ಕೂತಿದ್ದ ಸರಸ ಅದನ್ನು ನೋಡಿದಳು, ಆದರೆ ಅವಳ ಕಣ್ಣು ವೇದಿಕೆಯ ಮೇಲಿತ್ತು. ಹದಿನೇಳನೆಯದೋ ಹದಿನೆಂಟನೆಯದೋ ಶಾಲು. ‘ನಮ್ಮ ಭೋಜಣ್ಣ ಕುಂದಾಪುರಕ್ಕೆ ಕಾಡು ಕೊಟ್ಟರು’ ಎಂದು ಯಾರೋ ಮೈಕಿನಲ್ಲಿ ಕೂಗಿದರು. ಕೊಡ್ತ್ರ್ ಕೊಡ್ತ್ರ್, ಕಾಂಬ ಇರಿ ಎಂದು ಸರಸ ಮನಸ್ಸಿನಲ್ಲೇ ಹೇಳಿಕೊಂಡಳು. ಗಣ್ಯರು ತಲಾ ಎರಡು ಉಂಡೆ ಎಸೆದು, ಫೋಟೋ ತೆಗೆಸಿ, ಕೈ ತೊಳೆದು, ಗೋಳಿಬಜೆ ತಿಂದು ಹೋದರು. ಉಳಿದ ಒಂಬತ್ತು ಸಾವಿರ ಚಿಲ್ಲರೆಯನ್ನು ಅಮಿತಾ, ಬಚ್ಚ ಇಬ್ಬರೇ ಎರಡು ದಿನ ಎಸೆದರು.

ಮಳೆ ಹಿಡಿಯಿತು. ಬೋಟು ನಿಂತಿತು, ಪದ್ದು ಒಣಮೀನು ತರತೊಡಗಿದಳು. ಅಮಿತಾ ದಿನಾ ಬೆಳಿಗ್ಗೆ ಗಂಜಿ ಉಂಡು, ಕೊಡೆ ಹಿಡಿದು, ಮೊಣಕಾಲುದ್ದ ಬೂಟು ಹಾಕಿಕೊಂಡು ಹಿತ್ತಿಲಿಗೆ ಹೋಗುತ್ತಿದ್ದಳು. ಹದಿನೈದನೇ ದಿನ ಓಡಿ ಬಂದಳು.

“ಅತ್ತೆ! ಹೊಂಗಿ ಬಂತ್! ಹೊನ್ನಿದೂ ಒಂದ್ ಬಾಯ್ ಬಿಟ್ಟಿತ್ತ್!” ಕೆಸರಿನ ಕೈಯಲ್ಲೇ ಅತ್ತೆಯ ತೋಳು ಹಿಡಿದುಕೊಂಡಳು. ಸರಸ “ಸೀರಿ, ಸೀರಿ!” ಎಂದು ಗದರಿದರೂ ತೋಳು ಬಿಡಿಸಿಕೊಳ್ಳಲಿಲ್ಲ. ಅವತ್ತು ಪತ್ರೊಡೆ ಮಾಡಿದಳು. ಅಮಿತಾ ಆರು ತಿಂದಳು.

ಜುಲೈ ಕಳೆಯುತ್ತಾ ಬಂದ ಹಾಗೆ ಹುಡುಗಿಯ ಮಾತು ಕಡಿಮೆಯಾಯಿತು. ಒಂದು ಮಂಗಳವಾರ ಜಿತೇಂದ್ರ ಹುರುಳಿ ಸಾರಿಗೆ ಅನ್ನ ಕಲೆಸುತ್ತಾ ಕೇಳಿದ: “ಎಂತ ಆಯ್ತ್ ನಿನ್ನ್ ಕಾಡ್?”

“ನಂದ್ ಮೊಳ್ತಿತ್ತ್. ಸಾವ್ರದ ಮೇಲೆ ಇತ್ತ್. ಮುರ್ಗಲ್ ಒಂದೂ ಇಲ್ಲ.”

“ನಿಂದ್ ಮೊಳ್ತ್ರೆ ಸಾಕಲ್ದಾ?” ಎಂದಳು ಸರಸ, ಸೌಟು ಕೈಯಲ್ಲೇ ಇತ್ತು.

“ಇಲ್ಲ ಅತ್ತೆ. ಎರಡ್ ಸಾವ್ರಕ್ಕೆ ಸಾವ್ರ ಅಂದ್ರೆ ನೂರಕ್ಕೆ ಐವತ್ತ್. ಪಾಸ್. ಹತ್ತ್ ಸಾವ್ರಕ್ಕೆ ಸಾವ್ರ ಅಂದ್ರೆ ನೂರಕ್ಕೆ ಹತ್ತ್. ಫೇಲ್. ಅಂದೇ ಹೇಳ್ದೆ ಅಲ್ದಾ, ಯಾರೂ ಕೇಣ್ಲಿಲ್ಲ.”

ಜಿತೇಂದ್ರ ಅಪ್ಪನ ಮೇಲೆ ಹರಿಹಾಯ್ದ. “ನಿಮ್ಗ್ ಯಾರ್ ಹೇಳ್ದ್ ಅಪ್ಪಯ್ಯ ನಡುಗೆ ಬಪ್ಪುಕೆ?” ಶೆಟ್ಟರು, “ಮುರ್ಗಲ್ ಲೇಟ್ ಮೊಳೂದ್ ಅಂಬ್ರ್, ಬತ್ತ್ ಬತ್ತ್” ಎಂದು ಹಪ್ಪಳ ಮುರಿದರು. ಸರಸ ಸೌಟನ್ನು ಸಾರಿನ ಪಾತ್ರೆಗೆ ಇಳಿಸಿದಳು. ನೂರಕ್ಕೆ ಎಷ್ಟು ಎಂಬುದನ್ನು ಹುಡುಗಿ ಈ ಮನೆಯಲ್ಲಿ ಹತ್ತು ಸಲ ಹೇಳಿದ್ದಳು. ಹತ್ತು ಸಲವೂ ಸರಸ, ಇವರ ಲೆಕ್ಕಾಚಾರ ಯಾರಿಗೆ ಬೇಕು ಎಂದು ಒಗ್ಗರಣೆ ಹಾಕುತ್ತಿದ್ದಳು. ಈಗ ಹೇಳಿಬಿಡೋಣ ಎಂದುಕೊಂಡಳು. ಹೇಳಿದರೆ ಆಗುವುದೇನು, ಎಸೆದದ್ದನ್ನು ಹೆಕ್ಕಲಾಗುತ್ತದೆಯೇ? ಮುರುಗಲು ಒಂದಾದರೂ ಮೊಳೆಯಲಿ ಎಂದು, ದೇವರಿಗೆ ಸುಲಭಕ್ಕೆ ಕೈ ಮುಗಿಯದವಳು, ಕೊಲ್ಲೂರಮ್ಮನಿಗೆ ಹರಕೆ ಹೊತ್ತಳು. ಉಪ್ಪಿನ ಬೀಜಕ್ಕೆ ಅಮ್ಮ ತಾನೆ ಏನು ಮಾಡಿಯಾಳು!

ಆಗಸ್ಟ್ ಇಪ್ಪತ್ತೆಂಟಕ್ಕೆ ಬ್ರಹ್ಮಾವರದಿಂದ ಸ್ನೇಹಲತಾ ಮೇಡಂ ಬಂದರು. ಟ್ರಸ್ಟಿನ ಪರವಾಗಿ ಎಣಿಸುವವರು; ಗಟ್ಟಿ ಹೆಂಗಸು, ಸೀರೆ ಎತ್ತಿ ಕಟ್ಟಿ ಕೆಸರಿಗೆ ಇಳಿದರು. ಬಚ್ಚನ ಕೈಯಲ್ಲಿ ಹಗ್ಗ ಹಿಡಿಸಿ ಚೌಕ ಮಾಡಿ, ಒಂದೊಂದು ಚೌಕದಲ್ಲೂ ಎಣಿಸಿದರು. ಶೆಟ್ಟರು ಸಂಘದ ಐದಾರು ಮಂದಿಯನ್ನು ಕರೆತಂದಿದ್ದರು. ಸರಸ ಫ್ಲಾಸ್ಕಿನಲ್ಲಿ ಚಾ ತಂದಿದ್ದಳು. ಎರಡು ಗಂಟೆಯ ನಂತರ ಸ್ನೇಹಲತಾ ಎದ್ದು ನಿಂತು ಸೊಂಟ ನೇರ ಮಾಡಿಕೊಂಡರು.

“ನೂರಕ್ಕೆ ಹನ್ನೊಂದು. ಬೈಂದೂರಲ್ಲಿ ಮೂವತ್ನಾಲ್ಕು ಬಂದಿದೆ. ಬೇಜಾರು ಮಾಡ್ಕೋಬೇಡಿ ಅಮಿತಾ, ಮೊಳೆತದ್ದು ಬಹಳ ಚೆನ್ನಾಗಿದೆ. ಆದ್ರೆ ಇದೇನಿದು?” ಒಂದು ಒದ್ದೆ ಉಂಡೆ ಒಡೆದು, ಒಳಗಿನ ಮುರುಗಲು ಬೀಜವನ್ನು ಉಗುರಿನಿಂದ ಸೀಳಿದರು. ಒಳಗೆ ಕಪ್ಪು. “ಪೂರಾ ಸತ್ತಿದೆ. ಇದನ್ನ ಯಾರು ಆರಿಸಿದ್ದು?”

ಎಲ್ಲರೂ ಶೆಟ್ಟರ ಮುಖ ನೋಡಿದರು. ಶೆಟ್ಟರು ಸಂಘದವರ ಮುಖ ನೋಡಿದರು. ಆಮೇಲೆ ಗಂಟಲು ಸರಿ ಮಾಡಿಕೊಂಡರು.

“ಅದ್ ಎಂತ ಅಂದ್ರೆ ಮೇಡಂ, ನಮ್ಮ್ ಸೊಸಿಯೇ ಎಲ್ಲ ಕಂಡ್ಕಂಡದ್. ಮುಂಬೈಲಿ ಬೆಳ್ದ್ ಹೆಣ್ಣ್. ಪಾಪ, ಅದಕ್ಕೆ ಬೀಜ ಅಂದ್ರೆ ಎಂತ ಗೊತ್ತಿತ್ತ್? ನಾನ್ ನಂಬಿ ಬಿಟ್ಟದ್ದೇ ತಪ್ಪಾಯ್ತ್.”

ಅಮಿತಾಳ ಮುಖ ಬೆಂಕಿಯಾಯಿತು. ಅವಳು ಬಾಯಿ ತೆರೆಯುವ ಮೊದಲೇ ಸರಸ ಫ್ಲಾಸ್ಕನ್ನು ನೆಲಕ್ಕೆ ಕುಕ್ಕಿ ಮುಂದೆ ಬಂದಳು. ಮೂವತ್ತೆಂಟು ವರ್ಷದ ಕೋಪ ಒಂದೇ ಸಲ ನಾಲಿಗೆಗೆ ಬಂತು.

“ಬಾಯ್ ಮುಚ್ಚಿ! ನಾಚ್ಕಿ ಆತಿಲ್ಯಾ ನಿಮ್ಗೆ? ಗೋಣಿ ಹೊತ್ತ್ ತಂದವ್ರ್ ಯಾರ್? ಫಸ್ಟ್ ಕ್ಲಾಸ್ ಅಂದವ್ರ್ ಯಾರ್? ಅದ್ ಬ್ಯಾಡ ಬ್ಯಾಡ ಅಂದ್ರೂ ಅದ್ರ್ ಉಂಡಿ ಗುಡ್ಡಿಗ್ ಸುರ್ಸ್ದವ್ರ್ ಯಾರ್? ಸಿಪ್ಪಿ ಅದ್ದಿ ಬಿಟ್ಟ್ ಉಪ್ಪಿನ್ ಬೀಜ ಅದ್! ಈ ಊರಗೆ ಹುಟ್ಟಿ ಅಷ್ಟೂ ಗೊತ್ತಿಲ್ಲ ನಿಮ್ಗೆ! ನಂಗ್ ಬರೀ ಅಡಿಗಿ ಗೊತ್ತ್ ಅಂದ್ರಿ ಅಲ್ದಾ? ಗೋಣಿ ಬಂದ್ ದಿನವೇ ಒಂದ್ ಬಾಯಿಗ್ ಹಾಯ್ಕಂಡ್ ಕಂಡಿದೆ ನಾನ್. ಉಪ್ಪ್ ಉಪ್ಪ್! ಅವತ್ತೇ ಗೊತ್ತಾಯ್ತ್ ನಂಗೆ, ಒಂದೂ ಹುಟ್ಟೂದಿಲ್ಲ ಅಂದೇಳಿ!”

ಶೆಟ್ಟರ ತಲೆ ಕೆಳಗೆ ಹೋಯಿತು. ಸಂಘದವರಲ್ಲಿ ಒಬ್ಬ ಕೆಮ್ಮಿದ. ಸರಸ ಏದುಸಿರು ಬಿಡುತ್ತಾ ನಿಂತಳು. ಆಹಾ, ಇಷ್ಟು ವರ್ಷಕ್ಕೆ ಒಮ್ಮೆ ನಾಲ್ಕು ಜನರ ಎದುರು ಬಾಯಿ ಬಿಟ್ಟು ಅಂದಾಯಿತು ಎಂದು ಎದೆ ಹಗುರವಾಯಿತು. ಅದು ಹೆಚ್ಚು ಹೊತ್ತು ಉಳಿಯಲಿಲ್ಲ. ಅಮಿತಾ ಅವಳ ಕಡೆಗೆ ತಿರುಗಿದ್ದಳು.

“ಬಂದ್ ದಿನವೇ ಗೊತ್ತಿದ್ದಿತ್ತಾ ಅತ್ತೆ?”

ಸರಸ ಸೆರಗು ಸರಿ ಮಾಡಿಕೊಂಡಳು.

“ನಾನ್ ನಾಕ್ ಬೀಜ ಹಿಡ್ಕಂಡ್ ಬಂದ್ ಕೇಂಡೆ. ಅಡಿಗಿ ಕೋಣಿಗೆ ಬಂದ್. ಆಗ್ಳೂ ಗೊತ್ತಿದ್ದಿತ್ತ್?”

“ಅದ್… ಇವ್ರ್ ಮೇಲಿನ್ ಸಿಟ್ಟಿಗ್ ಹೆಣೇ, ನಿಂಗ್ ಹೀಂಗ್ ಆಯ್ಕ್ ಅಂದೇಳಿ ಅಲ್ಲ—”

ಅಮಿತಾ ಮುಂದಿನದು ಕೇಳಲಿಲ್ಲ. ಬಗ್ಗಿ ಹಗ್ಗ ಸುತ್ತತೊಡಗಿದಳು. ಸ್ನೇಹಲತಾ ಮೇಡಮ್ಮಿಗೆ ಚಾ ಬಗ್ಗಿಸಿ ಕೊಟ್ಟವನು ಬಚ್ಚ.

ಬೈಂದೂರಿಗೆ ನರ್ಸರಿ ಹೋಯಿತು. ಅಲ್ಲಿ ಶರಣ್ಯಾ ಎಂಬ ಇಪ್ಪತ್ತೆರಡರ ಹುಡುಗಿ ಮುಖ್ಯಸ್ಥೆಯಾದಳು. ಸ್ನೇಹಲತಾ ಫೋನು ಮಾಡಿ, ಸಸಿ ಮಡಿ ಮಾಡಲು, ಚೀಲಕ್ಕೆ ಮಣ್ಣು ತುಂಬಲು ದಿನಗೂಲಿಗೆ ಜನ ಬೇಕು, ನಿಮ್ಮಂಥವರಿಗೆ ಹೇಳಲು ನಾಚಿಕೆಯಾಗುತ್ತದೆ ಎಂದರು. ಅಮಿತಾ ನಾಳೆಯೇ ಬರುತ್ತೇನೆ ಎಂದಳು. ಜಿತೇಂದ್ರ ಬೇಡವೆಂದ. ಅವಳು ಕಪಾಟು ಖಾಲಿ ಮಾಡಿ ಅವನ ಅಂಗಿಗಳನ್ನು ಮಡಿಸಿಟ್ಟು, ಹೋದಳು.

ಶೆಟ್ಟರು ಮಾತ್ರ ಒಂದು ಸಂಜೆ, ಯಾರೂ ಹೇಳದೆ, ಸೊಸೆಯ ಎದುರು ಹೋಗಿ ನಿಂತರು. ಕೈಯಲ್ಲಿ ಪೇಟೆಯಿಂದ ತಂದ ಹಲ್ವದ ಪೊಟ್ಟಣ. “ತಪ್ಪಾಯ್ತ್ ಅಮಿತಾ. ನಂಗ್ ಗೊತ್ತಾಯ್ಲಿಲ್ಲ. ಜನ್ರೆದ್ರಿಗೆ ನಿನ್ನ್ ಹೆಸ್ರ್ ಹೇಳ್ದೆ, ಅದ್ ದೊಡ್ಡ್ ತಪ್ಪ್.” ಕಣ್ಣಲ್ಲಿ ನೀರೂ ಬಂತು. ಮುದುಕನ ನಾಟಕ ಎಂದು ಸರಸ ಬಾಗಿಲ ಸಂದಿಯಿಂದ ಮೂಗು ಮುರಿದಳು. ಅಮಿತಾ ಪೊಟ್ಟಣ ಬಿಚ್ಚಿ ಒಂದು ತುಂಡು ಬಾಯಿಗೆ ಹಾಕಿಕೊಂಡಳು. “ಹೋಯ್ಲಿ ಬಿಡಿ ಮಾವ. ಮುಂದಿನ್ ಸಲ ನನ್ನ್ ಟ್ರೇ ಮುಟ್ಟಿದ್ರೆ ಕೈ ಮುರಿತೆ” ಎಂದಳು. ಇಬ್ಬರೂ ನಕ್ಕರು.

ಮರುದಿನ ಸರಸಳೂ ಹೋದಳು. ಅಮಿತಾ ಹಿತ್ತಿಲಲ್ಲಿ ಬೂಟು ತೊಳೆಯುತ್ತಿದ್ದಳು.

“ಹೆಣೇ, ಅವ್ರ್ ತಪ್ಪ್ ನೀ ಬಿಟ್ಟ್ ಬಿಟ್ಟೆ. ನನ್ನ್ ಹತ್ರ ಮಾತ್ರ ಎಷ್ಟ್ ದಿನ ಹೀಂಗೆ?”

“ಮಾವಂಗ್ ಗೊತ್ತಿರ್ಲಿಲ್ಲ ಅತ್ತೆ. ಗೊತ್ತಿಲ್ದೆ ಹಾಳ್ ಮಾಡಿದ್ರ್. ನೀವ್ ಗೊತ್ತಿದ್ದ್ ಕಂಡ್ಕಂಡ್ ಕೂಕಂಡ್ರಿ. ಎರಡೂ ಒಂದೇ ಅಲ್ಲ.” ಸಿಟ್ಟಿನಿಂದ ಹೇಳಲಿಲ್ಲ. ಬೂಟು ಬೋರಲು ಹಾಕಿ ಒಳಗೆ ಹೋದಳು.

ಆಮೇಲೆ ಆ ಮನೆಯಲ್ಲಿ ಜಗಳವೇ ಇಲ್ಲ. ಅಮಿತಾ ಅತ್ತೆಗೆ ಕೊಡಬೇಕಾದ ಮರ್ಯಾದೆ ಎಲ್ಲ ಕೊಡುತ್ತಾಳೆ. ಗ್ಯಾಸ್ ಮುಗಿದದ್ದು ಹೇಳುತ್ತಾಳೆ, ಮೀನು ತಂದದ್ದು ಹೇಳುತ್ತಾಳೆ. ಕಾಗೆಯ ಮಾತಿಗೆ ಎದುರಾಡಿದ ನಾಲಿಗೆ ಮಾತ್ರ ಅಡುಗೆಮನೆಗೆ ಬಂದರೆ ಒಳಗೆ ಹೋಗುತ್ತದೆ. ಸರಸ ಬೇಕೆಂದೇ ಎರಡು ಸಲ ಕೊಂಕು ಮಾತಾಡಿ ನೋಡಿದಳು. “ಹೌದ್ ಅತ್ತೆ” ಎಂದಷ್ಟೇ ಉತ್ತರ ಬಂತು.

ಏಳೂವರೆಗೆ ಬೈಂದೂರಿನ ಬಸ್ಸು. ಸರಸ ಐದಕ್ಕೆ ಎದ್ದು ನೀರುದೋಸೆ ಹುಯ್ದು, ಬಸಳೆ ಪಲ್ಯ ಮಾಡಿ ಡಬ್ಬ ಕಟ್ಟಿ ಚಾವಡಿಯ ಮೇಜಿನ ಮೇಲಿಟ್ಟು, ಬಾಗಿಲ ಹತ್ತಿರ ಸೆರಗಿನಲ್ಲಿ ಕೈ ಒರೆಸುತ್ತಾ ನಿಂತಳು. ಅಮಿತಾ ಬಂದು ಡಬ್ಬ ತೆಗೆದು ಚೀಲಕ್ಕೆ ಹಾಕಿದಳು, ಚಪ್ಪಲಿ ಮೆಟ್ಟಿದಳು. ಪೇಪರು ಓದುತ್ತಿದ್ದ ಶೆಟ್ಟರ ಕಡೆ ನೋಡಿ, “ಮಾವ, ಹೋಯ್ ಬತ್ತೆ” ಎಂದು ಗೇಟು ಎಳೆದುಕೊಂಡು ಹೋದಳು.

ಶೆಟ್ಟರು ಪೇಪರಿನಿಂದ ತಲೆ ಎತ್ತಿ ಹೆಂಡತಿಯನ್ನು ನೋಡಿದರು. “ಅಮಿತಾ ನಿನ್ನ್ ಹತ್ರ ಹೇಳ್ಲಿಲ್ಯಾ?”

“ಹೇಳಿತ್ತ್” ಎಂದಳು ಸರಸ. “ನಿಮ್ಗ್ ಕಿವಿ ಕೇಂತಿಲ್ಲ ಅಷ್ಟೆ.”